ವೆಲ್ಲೆಸ್ಲಿ ಸೇತುವೆ ಯಾವ ಪಾದ್ರಿಯದೂ ಅಲ್ಲ

ಬೆಳಿಗ್ಗೆಯಿಂದ ಕಂಡಕಂಡ ಗುಂಪಲ್ಲೆಲ್ಲ ಒಂದೇ ಫೋಟೊ. ಶ್ರೀರಂಗಪಟ್ಟಣದ ಹಳೇ ಕಲ್ಲುಸೇತುವೆ. ಕೆಳಗೆ, ವೆಸ್ಲಿ ಎಂಬ ಪಾದ್ರಿ ಕಟ್ಟಿಸಿದ್ದು ಅಂತ ಒಕ್ಕಣೆ. ಓದಿ ಮೈ ಉರಿದುಹೋಯಿತು. ಈ ಸೇತುವೆ ವಿಷಯಕ್ಕೆ ನಾನು ಯಾರ್ಯಾರ ಹತ್ತಿರ ಜಗಳ ಆಡಿದ್ದೇನೆ ಅಂತ ನಿಮಗೆ ಗೊತ್ತೇ ಇದೆ. ಇನ್ನೊಮ್ಮೆ ಆಡುತ್ತೇನೆ.

ಪಾದ್ರಿ ಅಲ್ಲ. ಟಿಪ್ಪು ಸತ್ತ ಮೇಲೆ ಪಟ್ಟಣದ ಉಸ್ತುವಾರಿ ಹೊತ್ತ ಆರ್ಥರ್ ವೆಲ್ಲೆಸ್ಲಿಯೂ ಅಲ್ಲ. ಹೆಸರು ಆರ್ಥರನ ಅಣ್ಣ, ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯದು. ಕಟ್ಟಿಸಿದವರು ದಿವಾನ್ ಪೂರ್ಣಯ್ಯನವರು, 1804ರಲ್ಲಿ. ವೆಸ್ಲಿ ಹೆಸರಿನ ಕ್ರೈಸ್ತ ಪಂಥದ ಪಾದ್ರಿಗಳು, ಅಂದರೆ ವೆಸ್ಲಿಯನ್ ಮಿಷನ್ನಿನವರು, ಮೈಸೂರು ಸೀಮೆಗೆ ಕಾಲಿಟ್ಟದ್ದೇ ಅದಾಗಿ ಎಷ್ಟೋ ವರ್ಷಕ್ಕೆ.

ಗೊಂದಲಕ್ಕೆ ಕಾರಣ ಇಲ್ಲದಿಲ್ಲ. ಆ ಮನೆತನದ ಹೆಸರೇ ಎರಡು ರೂಪದಲ್ಲಿ ಓಡಾಡಿದೆ. ಮೂಲದಲ್ಲಿ ಅದು ಇಂಗ್ಲೆಂಡಿನ ಸೋಮರ್‌ಸೆಟ್ ಕಡೆಯ ಒಂದು ಜಾಗದ ಹೆಸರು, ವೆಲ್ಲೆಸ್ಲಿ. ಬಾಯಿಂದ ಬಾಯಿಗೆ ಸವೆದು ವೆಸ್ಲಿ ಆಯಿತು. ಈ ಅಣ್ಣತಮ್ಮಂದಿರ ತಾತ ಹುಟ್ಟಿನಿಂದ ರಿಚರ್ಡ್ ಕೋಲಿ. 1728ರಲ್ಲಿ ಗ್ಯಾರೆಟ್ ವೆಸ್ಲಿ ಎಂಬ ನೆಂಟನ ಆಸ್ತಿ ಬಂದಾಗ ಆ ಹೆಸರನ್ನೂ ಇಟ್ಟುಕೊಂಡ. ಮೊಮ್ಮಗ ರಿಚರ್ಡ್ ಮತ್ತೆ ಹಳೆಯ ವೆಲ್ಲೆಸ್ಲಿಗೆ ಮರಳಿದ. ತಮ್ಮ ಆರ್ಥರ್ ಮಾತ್ರ 1798ರ ತನಕ ವೆಸ್ಲಿ ಅಂತಲೇ ರುಜು ಹಾಕುತ್ತಿದ್ದ. ಅಂದರೆ ಸೇತುವೆಗೆ ಹೆಸರಿಡುವ ಹೊತ್ತಿಗೆ ಅಣ್ಣತಮ್ಮ ಇಬ್ಬರೂ ವೆಲ್ಲೆಸ್ಲಿಗಳೇ. ಜೊತೆಗೆ ಶಿವನಸಮುದ್ರದ ಸೇತುವೆಯನ್ನೂ ಜನ ವೆಸ್ಲಿ ಸೇತುವೆ ಅನ್ನುತ್ತಾರೆ. ಇದರ ಫೋಟೊಗೆ ಅದರ ಕಥೆ, ಅದರ ಫೋಟೊಗೆ ಇದರ ಕಥೆ!

ಪರಂಗಿಯವನ ಹೆಸರು, ಹೇಗೆ ಬರೆದರೇನು ಅಂತ ಒಬ್ಬರು ಕೇಳಿದರು. ಈ ಮಾತು ನನಗೆ ಒಪ್ಪಿಗೆಯೇ ಇಲ್ಲ. 1799ರಲ್ಲಿ ಮೈಸೂರನ್ನು ಪುಟ್ಟ ಹುಡುಗ ಮುಮ್ಮಡಿ ಕೃಷ್ಣರಾಜರಿಗೆ ಕೊಡಬೇಕೆಂದು ತೀರ್ಮಾನಿಸಿದವನು ಇದೇ ರಿಚರ್ಡ್. ಟಿಪ್ಪುವಿನ ಆಸ್ಥಾನದಲ್ಲಿದ್ದ ಪೂರ್ಣಯ್ಯನವರು ಹೊಸ ರಾಜ್ಯಕ್ಕೂ ದಿವಾನರಾದರು. ಐದು ವರ್ಷಕ್ಕೆ ಎದ್ದ ಸೇತುವೆಗೆ ಈ ಹೆಸರು ಯಾಕೆ ಬಂತು ಅನ್ನುವುದು ಅಲ್ಲಿದೆ. ಪಾದ್ರಿಯನ್ನು ತಂದು ಕೂರಿಸಿದರೆ ಪೂರ್ಣಯ್ಯನವರೇ ಕಥೆಯಿಂದ ಮಾಯ. ನನಗೆ ಹೊಟ್ಟೆ ಉರಿಯುವುದು ಅದಕ್ಕೆ.

ಅಲ್ಲಿಗೆ ಹೋದಾಗ ಕೆಳಗಿಳಿದು ನೋಡಿ. ಹೊಳೆಯಲ್ಲಿ ನೆಟ್ಟ ಒರಟು ಕಲ್ಲುಕಂಬ, ಅದರ ತಲೆಗೆ ಕಲ್ಲಿನದೇ ಬೋದಿಗೆ, ಬೋದಿಗೆಯ ಮೇಲೆ ಉದ್ದುದ್ದ ಕಲ್ಲುತೊಲೆ. ಕಾವೇರಿಯ ಎಷ್ಟು ಪ್ರವಾಹಗಳನ್ನು ತಡೆದುಕೊಂಡಿವೆ ಆ ಕಂಬಗಳು! ಇಂಥ ಕೆಲಸ ಮಾಡಿಸಿದವರ ಹೆಸರು ಒಕ್ಕಣೆಯಲ್ಲಿ ಒಂದು ಸಾಲಾದರೂ ಬೇಡವೇ?

ಆ ಫೋಟೊ ಹಂಚಿಕೊಂಡವರು ದಯವಿಟ್ಟು ತಿದ್ದಿ: ವೆಲ್ಲೆಸ್ಲಿ ಸೇತುವೆ, 1804, ಕಟ್ಟಿಸಿದವರು ದಿವಾನ್ ಪೂರ್ಣಯ್ಯ.