ಇಬ್ಬರ ಸುತ್ತಾಟಕ್ಕೆ ಒಂದೂವರೆ ಟಿಕೆಟ್

ಸಿಹಿ ಸುದ್ದಿ ಹೊರಬಿದ್ದ ವಾರದಲ್ಲೇ ನಮ್ಮ ಬಂಧುಮಿತ್ರರು ಎರಡು ಪಕ್ಷವಾದರು. ಆಫೀಸಿನವರದು ಒಂದು ಪಕ್ಷ: "ಎಲ್ಲೆಲ್ಲಿ ಸುತ್ತೋದಿದೆಯೋ ಈಗಲೇ ಸುತ್ತಿಬಿಡಿ. ಆಮೇಲೆ ನೀವಿಬ್ಬರೂ ಒಟ್ಟಿಗೆ ಕೂತು ಬಿಸಿ ಊಟ ಮಾಡೋದು ಆ ಮಗೂ ಮದುವೇಲೇ." ಇನ್ನೊಂದು ಪಕ್ಷದ ಅಧ್ಯಕ್ಷೆ ಹಾಸನದ ನಮ್ಮತ್ತೆ: "ಚೊಚ್ಚಲು ಬಸಿರು ಕಣಮ್ಮ, ಹೊಸ್ತಿಲು ದಾಟೋ ಮುಂಚೆ ಹತ್ತು ಸಲ ಯೋಚನೆ ಮಾಡು."

ನಮ್ಮವರು ಎರಡೂ ಪಕ್ಷಕ್ಕೆ ಓಟು ಹಾಕಿದರು. ಶನಿವಾರ ಬಂತೆಂದರೆ ಎಲ್ಲಿಗೆ ಹೋಗೋಣ ಎಂದು ಹೊರಡಿಸುವವರೂ ಅವರೇ, ರಸ್ತೆಯಲ್ಲಿ ಹಂಪ್ ಕಂಡರೆ ಎರಡೂ ಕೈಯಲ್ಲಿ ಸ್ಟೇರಿಂಗ್ ಅಮುಕಿ ಹಿಡಿದು ಉಸಿರು ಕಟ್ಟುವವರೂ ಅವರೇ. ಬೆಂಗಳೂರಿನ ಒಂದೊಂದು ಹಂಪಿಗೂ ಹೀಗೆ ಉಸಿರು ಕಟ್ಟಿ ಬಿಟ್ಟು ಮಾಡಿ, ಹೆರಿಗೆಗೆ ಕಲಿಯಬೇಕಾದ ಉಸಿರಾಟದ ಅಭ್ಯಾಸ ನನಗಿಂತ ಮೊದಲು ಅವರಿಗೇ ಕರಗತವಾಯಿತು.

ಮೊದಲು ಹೋಗಿದ್ದು ವಿ.ವಿ. ಪುರದ ತಿಂಡಿ ಬೀದಿಗೆ. ಮದುವೆಗೆ ಮುಂಚೆ ನಮ್ಮ ಪ್ರೇಮ ಬೆಳೆದದ್ದೇ ಅಲ್ಲಿನ ಪಡ್ಡು, ಹೋಳಿಗೆ, ಬೆಣ್ಣೆ ಗುಲ್ಕನ್ನಿನ ಮೇಲೆ. ಈ ಸಲ ಬೀದಿಯ ಬಾಯಿಗೆ ಬರುತ್ತಲೇ ಕಾದ ಹೆಂಚಿನ ಮೇಲಿನ ತುಪ್ಪದ ಘಮ ಮೂಗಿಗೆ ಬಡಿಯಿತು. ಹೊಟ್ಟೆಯೊಳಗಿನದು 'ವಾಪಸ್ ನಡಿ' ಎಂದಿತು. ನಾನು ಒಂದು ನಿಂಬೆಹಣ್ಣು ಮೂಸುತ್ತಾ ಮೂಲೆಯಲ್ಲಿ ನಿಂತೆ. "ಪಾಪ, ನಿನ್ನ ಪಾಲಿಂದೂ ನಾನೇ ತಿಂದು ಬರ್ತೀನಿ" ಎಂದು ಇವರು ತ್ಯಾಗಮೂರ್ತಿಯಾಗಿ ಜನರ ನಡುವೆ ಮಾಯವಾದರು. ಬರುವಾಗ ಅಂಗಿಯೆಲ್ಲ ಗುಲ್ಕನ್ ವಾಸನೆ. ಮುಂದಿನ ಸೀಟಿನಲ್ಲಿ ಕೂರಲಾಗದೆ ನಾನು ಹಿಂದೆ ಕೂತು, ಕಿಟಕಿಯಿಂದ ತಲೆ ಹೊರಹಾಕಿಕೊಂಡು ಮನೆ ಸೇರಿದೆ. ಸಿಗ್ನಲ್ಲಿನಲ್ಲಿ ನೋಡಿದವರು ಇವರನ್ನು ನನ್ನ ಡ್ರೈವರ್ ಅಂದುಕೊಂಡಿರಬೇಕು.

ಆ ಮೂರು ತಿಂಗಳ ದೊಡ್ಡ ಸಂಕಟವೆಂದರೆ ಸುಸ್ತು ಬೆಟ್ಟದಷ್ಟಿದ್ದರೂ ಹೊಟ್ಟೆ ಕಾಣದಿರುವುದು. ಡಾಕ್ಟರ ಪ್ರಕಾರ ನಾನು ಬಸುರಿ, ಮೆಟ್ರೋದವರ ಕಣ್ಣಿಗೆ ಇನ್ನೂ ಅಲ್ಲ. ಗರ್ಭಿಣಿಯರಿಗೆ, ವೃದ್ಧರಿಗೆ ಮೀಸಲು ಎಂದು ಬರೆದ ಸೀಟಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬ ಹುಡುಗ ಕೂತಿದ್ದ. ಇವರು ಗಂಟಲು ಸರಿಮಾಡಿಕೊಂಡು, ಮೇಲಿನ ಚೀಟಿಯತ್ತ ಬೆರಳು ತೋರಿಸಿದರು. ಹುಡುಗ ಚೀಟಿ ನೋಡಿದ, ನನ್ನನ್ನು ನೋಡಿದ, ಇವರ ಹೊಟ್ಟೆಯನ್ನು ಸ್ವಲ್ಪ ಜಾಸ್ತಿ ಹೊತ್ತು ನೋಡಿದ. ಆಮೇಲೆ ತಟಕ್ಕನೆ ಎದ್ದು, "ಸಾರಿ, ಕೂತ್ಕೊಳಿ ಅಂಕಲ್" ಎಂದ. ಮಾರನೆಯ ಬೆಳಿಗ್ಗೆ ಇವರು ವಾಕಿಂಗ್ ಶುರುಮಾಡಿದರು.

ಆಗಸ್ಟ್ ಹೊತ್ತಿಗೆ ವಾಂತಿ ನಿಂತಿತು. ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಲಾಲ್‌ಬಾಗಿಗೆ ಹೋದೆವು. ಈ ಸಲ ಗಾಜಿನ ಮನೆಯಲ್ಲಿ ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣರ ಕಥೆ. ಸಾಲು ಹನುಮಂತನ ಬಾಲ. ಇವರು ದಾರಿಯುದ್ದಕ್ಕೂ ನನಗೆ, ನನ್ನ ಮೂಲಕ ಮಗುವಿಗೆ, ಪಾಠ ಒಪ್ಪಿಸುತ್ತಿದ್ದರು: ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ, ಅಗೋ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ. ಬಂಡೆ 300 ಕೋಟಿ ವರ್ಷ ಕಾದಿರಬಹುದು, ನನ್ನಿಂದ ಮೂರು ನಿಮಿಷವೂ ಕಾಯಲಾಗಲಿಲ್ಲ. ಸಾಲು ಬಿಟ್ಟು ಓಡಿದೆ. ವಾಪಸ್ ಬಂದಾಗ ಇವರು ಜನರ ತಳ್ಳಾಟದಲ್ಲಿ ಒಳಗೆ ಸೇರಿಬಿಟ್ಟಿದ್ದರು. ರಾಯಣ್ಣನನ್ನು ಅವರು ಗಾಜಿನ ಒಳಗಿನಿಂದ ನೋಡಿದರು, ನಾನು ಹೊರಗಿನಿಂದ ಅವರನ್ನು ನೋಡಿದೆ. ಕೈ ಬೀಸಿದೆವು. ಅಂದಿನಿಂದ ನನಗೆ ಬೆಂಗಳೂರಿನ ಬೇರೆ ಗುರುತುಗಳೆಲ್ಲ ಮರೆತುಹೋಗಿ, ಊರೆಂದರೆ ಒಂದು ಶೌಚಾಲಯದಿಂದ ಇನ್ನೊಂದಕ್ಕೆ ಇರುವ ದೂರವಾಯಿತು.

ಸೆಪ್ಟೆಂಬರ್ 7ರ ಭಾನುವಾರದ ಸಂಜೆ ಹೊರಗೆ ಊಟಕ್ಕೆಂದು ಇವರು ಟೇಬಲ್ ಕಾದಿರಿಸಿದ್ದರು. ಶನಿವಾರವೇ ಹಾಸನದಿಂದ ಫೋನು ಬಂತು. ನಾಳೆ ರಾತ್ರಿ ಖಗ್ರಾಸ ಚಂದ್ರಗ್ರಹಣ. ಮಧ್ಯಾಹ್ನ ಒಂದು ಗಂಟೆಯಿಂದಲೇ ವೇಧ. ಚಾಕು ಮುಟ್ಟುವ ಹಾಗಿಲ್ಲ, ಸೂಜಿ ಹಿಡಿಯುವ ಹಾಗಿಲ್ಲ, ಕಿಟಕಿ ಪರದೆ ಸರಿಸುವ ಹಾಗಿಲ್ಲ. ಮೊಸರಿಗೂ ಉಪ್ಪಿನಕಾಯಿಗೂ ದರ್ಭೆ. "ಅಮ್ಮಾ, ಅದು ಭೂಮಿಯ ನೆರಳು ಅಷ್ಟೇ" ಎಂದು ಇವರು ವಿಜ್ಞಾನ ಹೇಳಲು ಹೋದರು. "ನೆರಳೇ ಕಣಪ್ಪ, ಆದ್ರೆ ಬೀಳೋದು ನನ್ನ ಮೊಮ್ಮಗು ಮೇಲೆ" ಎಂದರು ಅತ್ತೆ. ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ. ಆದರೆ ಐದನೇ ತಿಂಗಳಲ್ಲಿ ಅತ್ತೆಯ ಜೊತೆ ವಾದ ಗೆದ್ದು, ಆಮೇಲೆ ಮಗುವಿನ ಮೈಮೇಲೆ ಮೂಡುವ ಪ್ರತಿ ಮಚ್ಚೆಗೂ ಜೀವನಪೂರ್ತಿ ಉತ್ತರ ಕೊಡುವ ಧೈರ್ಯವೂ ಇಲ್ಲ.

ಹಾಗಾಗಿ ಟೇಬಲ್ ರದ್ದಾಯಿತು. ರಾತ್ರಿ ಹನ್ನೊಂದು ದಾಟಿದ ಮೇಲೆ ಇವರು ಟೆರೇಸು ಹತ್ತಿದರು, ನಾನು ಪರದೆ ಎಳೆದ ಕೋಣೆಯಲ್ಲಿ ಮಲಗಿದೆ. ಅವರು ವಿಡಿಯೋ ಕಾಲ್ ಮಾಡಿ, ಮೋಡ ಸರಿದಾಗಲೆಲ್ಲ ಕೆಂಪು ಚಂದ್ರನನ್ನು ತೋರಿಸಿದರು. ಒಂದೇ ಮನೆಯಲ್ಲಿದ್ದುಕೊಂಡು ಫೋನಿನಲ್ಲಿ ಬೆಳದಿಂಗಳ ವಿಹಾರ ಮಾಡಿದ ದಂಪತಿ ನಾವೇ ಇರಬೇಕು. ಬೆಳಿಗ್ಗೆ ಇವರು ಖುಷಿಯಲ್ಲಿ ಅಮ್ಮನಿಗೆ ಇದನ್ನೂ ವರದಿ ಮಾಡಿಬಿಟ್ಟರು. ಫೋನಿನಲ್ಲಿ ಕಂಡ ಗ್ರಹಣಕ್ಕೆ ದೋಷವಿದೆಯೋ ಇಲ್ಲವೋ ಎಂಬುದು ಹಾಸನದ ಪುರೋಹಿತರ ತನಕ ಹೋಯಿತು. ಅವರು ಬಹಳ ಯೋಚಿಸಿ, "ರೆಕಾರ್ಡಿಂಗ್ ಆಗಿದ್ರೆ ಚಿಂತೆ ಇಲ್ಲ, ಲೈವ್ ಆಗಿದ್ರೆ ಒಂದು ಎಳ್ಳು ದಾನ ಮಾಡಿಸಿ" ಎಂದರಂತೆ.

ಐದನೇ ತಿಂಗಳ ಸ್ಕ್ಯಾನಿಂಗ್ ದಿನ ಮಧ್ಯಾಹ್ನದ ಆಟಕ್ಕೆ ಸಿನಿಮಾ ಟಿಕೆಟನ್ನೂ ತೆಗೆಸಿದ್ದರು, ಹೇಗೂ ರಜೆ ಹಾಕಿದ್ದಾಗಿದೆ ಎಂದು. ಸ್ಕ್ಯಾನಿಂಗ್ ಕೋಣೆಯ ಗೋಡೆಯ ಮೇಲೆ ಭ್ರೂಣಲಿಂಗ ಪತ್ತೆ ಶಿಕ್ಷಾರ್ಹ ಅಪರಾಧ ಎಂಬ ಫಲಕ. ಇವರು ಅದನ್ನು ಎಷ್ಟು ಶ್ರದ್ಧೆಯಿಂದ ಓದಿದರೆಂದರೆ, ಡಾಕ್ಟರು ಪರದೆಯಲ್ಲಿ ಬೆನ್ನುಮೂಳೆ ತೋರಿಸಿದಾಗಲೂ "ಬೇಡ ಡಾಕ್ಟ್ರೇ, ಕಾನೂನು ಇದೆ" ಎಂದು ಕಣ್ಣು ಮುಚ್ಚಿಕೊಂಡರು.

ಸಿನಿಮಾದಲ್ಲಿ ಹೊಡೆದಾಟ ಶುರುವಾಗುತ್ತಲೇ ಒಳಗಿನದೂ ಒದೆಯತೊಡಗಿತು. ನಾಯಕ ಒಂದು ಕೊಟ್ಟರೆ ಇದು ಎರಡು ಕೊಡುತ್ತದೆ. ಇವರ ಕೈಯನ್ನು ಎಳೆದು ಹೊಟ್ಟೆಯ ಮೇಲೆ ಇಟ್ಟೆ. ತಕ್ಷಣ ನಿಶ್ಶಬ್ದ. ತೆಗೆದರೆ ಮತ್ತೆ ಶುರು. ಅಪ್ಪನ ಕೈ ಬಿದ್ದೊಡನೆ ಸಭ್ಯರಾಗಿಬಿಡುವ ವಿದ್ಯೆಯನ್ನು ಮಕ್ಕಳು ಹುಟ್ಟುವ ಮೊದಲೇ ಕಲಿತಿರುತ್ತವೆ. ಈ ತೆಗೆ-ಇಡುವಿನಲ್ಲಿ ಖಳನಾಯಕ ಸತ್ತದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಹಿಂದಿನ ಸಾಲಿನ ಅಜ್ಜಿಯೊಬ್ಬರು ಮಾತ್ರ ಮುಂದಕ್ಕೆ ಬಾಗಿ, "ಎಷ್ಟು ತಿಂಗಳಮ್ಮಾ? ಇಷ್ಟು ಸದ್ದಿನಲ್ಲಿ ಕೂರಬಾರದು" ಎಂದು, ಒಂದು ಹಿಡಿ ಪಾಪ್‌ಕಾರ್ನ್ ಕೊಟ್ಟರು.

ಹೊಟ್ಟೆ ಎದ್ದು ಕಾಣಲು ಶುರುವಾದ ಮೇಲಂತೂ ನಾವಿಬ್ಬರೇ ಎಲ್ಲಿಗೂ ಹೋದದ್ದಿಲ್ಲ. ಹೊರಡುವಾಗ ಇಬ್ಬರು, ಮುಟ್ಟುವಷ್ಟರಲ್ಲಿ ಊರಿಗೆ ಊರೇ ಜೊತೆಯಲ್ಲಿ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಸಿಟಿ ಬಸ್ಸು ಹತ್ತಿದೆವು. ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್‌ನಿಂದ, ಬಸ್ಸಿನ ಮಟ್ಟಿಗೆ ನಮ್ಮ ಮನೆಯಲ್ಲಿ ಖರ್ಚಿನ ಮನುಷ್ಯ ಇವರೊಬ್ಬರೇ. ನಾನು ಆಧಾರ್ ತೋರಿಸಿದೆ. ಕಂಡಕ್ಟರ್ ಹೊಟ್ಟೆಯತ್ತ ಒಮ್ಮೆ ನೋಡಿ, ಮುಖ ಗಂಟಿಕ್ಕಿ, "ಒಳಗಿರೋದು ಹೆಣ್ಣಾದ್ರೆ ಫ್ರೀ ಮೇಡಂ. ಗಂಡಾದ್ರೆ ಹಾಫ್ ಟಿಕೆಟ್ ಆಗುತ್ತೆ" ಎಂದರು.

"ಅದನ್ನ ಕೇಳೋದೇ ಅಪರಾಧ ಸಾರ್. 1994ರ ಆಕ್ಟು" ಎಂದರು ನಮ್ಮವರು, ಗಂಭೀರವಾಗಿ.

ಮುಂದಿನ ಸೀಟುಗಳೆಲ್ಲ ನಕ್ಕವು. ಆಮೇಲೆ ಅಲ್ಲೇ ಕಲಾಪ ಆರಂಭವಾಯಿತು. ಹೊಟ್ಟೆ ಮುಂದಕ್ಕೆ ಚೂಪಾಗಿದೆ, ಗಂಡೇ ಎಂದರು ಹೂವಿನ ಬುಟ್ಟಿಯವರು. ಮುಖ ಕಳೆಕಳೆಯಾಗಿದೆ, ಹೆಣ್ಣು ಎಂದರು ಟಿಫನ್ ಡಬ್ಬಿಯವರು. ಆಕ್ಟು ಡಾಕ್ಟರ ಬಾಯಿ ಕಟ್ಟಬಹುದು, ಹೂವಮ್ಮನ ಬಾಯಿ ಕಟ್ಟುವುದು ಯಾರಿಂದಾದೀತು?

ಬಸವನಗುಡಿಯಲ್ಲಿ ರಸ್ತೆಯ ಎರಡೂ ಬದಿ ಕಡಲೆಕಾಯಿಯ ರಾಶಿ. ಇವರು ಸೇರಿಗೆ ಹತ್ತು ರೂಪಾಯಿ ಇಳಿಸಲು ಗಂಟೆಗಟ್ಟಲೆ ಚೌಕಾಸಿ ಮಾಡುವ ಆಸಾಮಿ. ಈ ಸಲ ಬಾಯಿ ತೆರೆಯುವ ಮೊದಲೇ ಮಾಗಡಿ ಕಡೆಯ ರೈತ ಮಹಿಳೆ ಅಳೆದು ಸುರಿದು, ಮೇಲೆ ಎರಡು ಬೊಗಸೆ ಕೊಸರು ಹಾಕಿ, "ಇದು ಮಗೀಗೆ" ಎಂದರು. ಇವರ ಕಣ್ಣು ಹೊಳೆಯಿತು. ಅಲ್ಲಿಂದ ಮುಂದೆ ಪ್ರತಿ ರಾಶಿಯ ಮುಂದೆಯೂ ನನ್ನನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದರು, ಹೊಟ್ಟೆ ಚೆನ್ನಾಗಿ ಕಾಣಲೆಂದು. ಹಸಿಯದು ಪಿತ್ತ, ಹುರಿದದ್ದು ಉಷ್ಣ, ಬೇಯಿಸಿದ್ದು ವಾಯು ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ನಾನು ಮೂರನ್ನೂ ತಿಂದೆ.

ಮೊನ್ನೆ ಇವರಿಗೆ ಹೊಸ ಯೋಚನೆ ಬಂತು: ಆಸ್ಪತ್ರೆಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಒಮ್ಮೆ ಓಡಿಸಿ ನೋಡಿಬಿಡೋಣ. ರಾತ್ರಿ ಹತ್ತಕ್ಕೆ, ಬ್ಯಾಗು ಸಮೇತ. ದಾರಿಯಲ್ಲಿ ಮಸಾಲೆ ದೋಸೆ ಕಂಡಿತು, ಸ್ಟಾಪ್‌ವಾಚ್ ನಿಲ್ಲಿಸಿ ತಿಂದೆವು, ಮತ್ತೆ ಚಾಲೂ ಮಾಡಿದೆವು. ಆಸ್ಪತ್ರೆಯ ಬಾಗಿಲಲ್ಲಿ ಬ್ರೇಕ್ ಹಾಕಿದ್ದೇ ತಡ, ಸೆಕ್ಯುರಿಟಿಯವರು ಸೀಟಿ ಊದಿದರು, ಆಯಾ ಒಬ್ಬರು ಗಾಲಿಕುರ್ಚಿ ತಳ್ಳಿಕೊಂಡು ಓಡಿ ಬಂದರು. "ನೋವು ಯಾವಾಗ ಶುರುವಾಯ್ತಮ್ಮಾ?"

ನನ್ನ ಬಾಯಲ್ಲಿ ಇನ್ನೂ ಬೀಡಾ ಇತ್ತು. "ಇಲ್ಲ ಇಲ್ಲ, ನಮಗಿನ್ನೂ ಟೈಮಿದೆ. ಸುಮ್ನೆ ಟ್ರಯಲ್‌ಗೆ ಬಂದ್ವಿ" ಎಂದರು ಇವರು ಸ್ಟಾಪ್‌ವಾಚ್ ತೋರಿಸುತ್ತಾ.

ಸೆಕ್ಯುರಿಟಿಯವರು ಇಬ್ಬರನ್ನೂ ನಿಧಾನವಾಗಿ ನೋಡಿ, ಜೇಬಿನಿಂದ ಚೀಟಿ ಪುಸ್ತಕ ತೆಗೆದರು. "ಹೆರಿಗೆ ಆಗ್ಲಿ ಬಿಡ್ಲಿ, ಪಾರ್ಕಿಂಗ್ ಚಾರ್ಜ್ ಆಗುತ್ತೆ ಸಾರ್."