ನಾನೂರನೇ ರ‍್ಯಾಂಕ್ ಅಂದ್ರೆ ಕಾಫಿಗೆ ಎದ್ದು ಹೋಗೋದಾ?

ಬೆಳಗ್ಗೆ ಕಬ್ಬನ್ ಪಾರ್ಕ್‌ನ ರಾಜ್ಯ ಟೆನಿಸ್ ಸಂಸ್ಥೆಯ (ಕೆಎಸ್‌ಎಲ್‌ಟಿಎ) ಅಂಗಳದಲ್ಲಿ ಅರ್ಹತಾ ಸುತ್ತಿನ ಪಂದ್ಯ ನೋಡುತ್ತಾ ಕೂತಿದ್ದೆ. ಪಕ್ಕದವರು ಮೊಬೈಲ್‌ನಲ್ಲಿ ಏನೋ ಹುಡುಕಿ, "ನಾನೂರರ ಆಚೆ ಇದ್ದಾನೆ ಕಣೋ, ಬಾ ಕಾಫಿ ಕುಡಿಯೋಣ" ಅಂತ ಗೆಳೆಯನನ್ನು ಎಬ್ಬಿಸಿಕೊಂಡು ಹೋದರು. ಆಗಿನಿಂದ ಹೊಟ್ಟೆ ಉರಿಯುತ್ತಿದೆ.

2017ರಲ್ಲಿ ಇದೇ ಅಂಗಳದಲ್ಲಿ ಸುಮಿತ್ ನಾಗಲ್ ಚಾಲೆಂಜರ್ ಅನ್ನೋ ಎರಡನೇ ದರ್ಜೆಯ ಟೂರ್ನಿ ಗೆದ್ದಾಗ ಅವರ ರ‍್ಯಾಂಕ್ ಕೂಡ 300ರ ಆಚೆಯೇ ಇತ್ತು. ಆಮೇಲಾದರೂ ಸುಖವಾಗಿದ್ದರಾ? 2023ರ ಸೆಪ್ಟೆಂಬರ್‌ನಲ್ಲಿ, ಸಿಂಗಲ್ಸ್‌ನಲ್ಲಿ ಭಾರತದ ನಂಬರ್ 1 ಆಗಿದ್ದಾಗ, ಬ್ಯಾಂಕಿನಲ್ಲಿ ಉಳಿದಿರೋದು 900 ಯೂರೋ ಅಂತ ಅವರೇ ಹೇಳಿದರು. 24 ಟೂರ್ನಿ ಆಡಿ ಬಂದದ್ದು ಸುಮಾರು 65 ಲಕ್ಷ, ವರ್ಷದ ಖರ್ಚು 80 ಲಕ್ಷಕ್ಕೂ ಜಾಸ್ತಿ. ನಾಲ್ಕೇ ತಿಂಗಳಲ್ಲಿ ಅದೇ ಮನುಷ್ಯ ಆಸ್ಟ್ರೇಲಿಯನ್ ಓಪನ್‌ನಲ್ಲಿ 31ನೇ ಶ್ರೇಯಾಂಕದ ಬುಬ್ಲಿಕ್‌ನನ್ನು ಸೋಲಿಸಿದರು. ಆಗ ಎಲ್ಲರೂ ಕುಣಿದೆವು.

ಇನ್ನೂ ಕೆಳಗಿನವರ ಪಾಡು ಕೇಳಬೇಡಿ. ಒಟ್ಟು ಬಹುಮಾನ 15,000 ಡಾಲರ್ ಇರೋ ಟೂರ್ನಿಯ ಮೊದಲ ಸುತ್ತಿನಲ್ಲಿ ಸೋತರೆ ಕೈಗೆ ಬರೋದು 156 ಡಾಲರ್. ವಿಮಾನ, ರೂಮು, ಊಟ, ರ‍್ಯಾಕೆಟ್‌ಗೆ ಗಟ್ (ತಂತಿ) ಹಾಕಿಸೋದು, ಎಲ್ಲಾ ಅದರಲ್ಲೇ ಆಗಬೇಕು.

ಗೆಲ್ಲದವನಿಗೆ ದುಡ್ಡು ಯಾಕೆ ಕೊಡಬೇಕು ಅಂತೀರಾ? ರಣಜಿಯಲ್ಲಿ ಹೊಸ ಹುಡುಗ ಸೊನ್ನೆಗೆ ಔಟಾದರೂ ದಿನಕ್ಕೆ 40,000 ರೂಪಾಯಿ ಸಿಗುತ್ತದೆ. ಸಿಗಲಿ, ಸಂತೋಷ. ಟೆನಿಸ್ ಹುಡುಗ ಬೆವರು ಸುರಿಸಿಲ್ವಾ? 32 ಜನ ಆಡಿದರೆ ಗೆಲ್ಲುವವನು ಒಬ್ಬ. ಉಳಿದ 31 ಜನ ಬರದಿದ್ದರೆ ಅವನು ಗೆಲ್ಲೋದು ಯಾರ ಮೇಲೆ?

ಒಂದು ವಿಷಯ ಹೇಳಿಬಿಡುತ್ತೇನೆ. ಅಕ್ಕನ ಮಗ ಹದಿನಾರು ವರ್ಷದವರೆಗೂ ಚೆನ್ನಾಗಿ ಆಡುತ್ತಿದ್ದ. "ಅಕ್ಕಾ, ಇದರಲ್ಲಿ ಅನ್ನ ಹುಟ್ಟಲ್ಲ, ಬಿಡಿಸು" ಅಂದವನು ನಾನೇ. ಅವನ ರ‍್ಯಾಕೆಟ್ ಇವತ್ತಿಗೂ ಬೀರು ಮೇಲಿದೆ. ಅವರ ಮನೆಗೆ ಹೋದಾಗ ಆ ಕಡೆ ನೋಡೋಕಾಗಲ್ಲ.

ಬೆಳಗ್ಗೆ ಆಡುತ್ತಿದ್ದ ಆ ನಾನೂರರ ಆಚೆಯ ಹುಡುಗ ಸೋತ. ಎರಡನೇ ಸೆಟ್ ಟೈಬ್ರೇಕರ್‌ವರೆಗೂ ಎಳೆದು ಸೋತ. ಆಮೇಲೆ ಬೆಂಚಿನ ಮೇಲೆ ಕೂತು ರ‍್ಯಾಕೆಟ್‌ನ ಹಳೇ ಗ್ರಿಪ್ ಬಿಚ್ಚಿದ. ಬೆವರಿಗೆ ಕಪ್ಪಾಗಿತ್ತು. ಹೊಸದನ್ನು ಬಿಗಿಯಾಗಿ ಸುತ್ತಿ, ತುದಿಯನ್ನು ಹಲ್ಲಲ್ಲೇ ಕಚ್ಚಿ ಹರಿದ. ಹತ್ತಿರ ಹೋಗಿ ಚೆನ್ನಾಗಿ ಆಡಿದೆ ಅಂದೆ.

"ಮಧ್ಯಾಹ್ನ ಡಬಲ್ಸ್ ಇದೆ ಸರ್" ಅಂದ.

ಆಫೀಸಿಗೆ ಫೋನ್ ಮಾಡಿ ರಜೆ ಹೇಳಿದೆ.