ತಿದ್ದಿದ ಪಟ್ಟಿ ಲಗತ್ತಿಸಿದೆ

ಮೈಸೂರಿನ ನಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ನಾನು ಕಾರ್ಯದರ್ಶಿ. ಅಂದರೆ ಒಂದು ಎಕ್ಸೆಲ್ ಶೀಟಿನ ಕಾವಲುಗಾರ. ಮೊನ್ನೆ ಖಜಾಂಚಿಯವರು ಫೈಲೊಂದನ್ನು ಕಳಿಸಿದರು. 'ಸದಸ್ಯರ ಪಟ್ಟಿಯಲ್ಲಿ ಕೆಲವು ತಪ್ಪುಗಳಿದ್ದವು. ಸರಿ ಮಾಡಿದ್ದೇನೆ, ಬದಲಾಯಿಸಿಕೊಳ್ಳಿ.' ಯಾವ ತಪ್ಪು? ಬರೆದಿಲ್ಲ. ಕ್ರಮಸಂಖ್ಯೆ ನೋಡಿ ಹುಡುಕೋಣ ಅಂದರೆ, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿ ಒಂದರಿಂದ ಹೊಸದಾಗಿ ಎಣಿಸಿಬಿಟ್ಟಿದ್ದಾರೆ. ಫೈಲಿನ ಹೆಸರು 'ಫೈನಲ್ ಹೊಸದು 2'. ಫೋನ್ ಮಾಡಿದರೆ, "ಸುಮ್ನೆ ಹಳೇದೆಲ್ಲ ಅಳಿಸಿ ಇದನ್ನ ಹಾಕ್ಬಿಡಿ ಸಾರ್" ಅಂದರು. ಆದರೆ ಬಾಕಿ ಕಟ್ಟಿದವರ ವಿವರ ನನ್ನ ಹಳೇ ಪಟ್ಟಿಯಲ್ಲಿ ಮಾತ್ರ ಇದೆ. ಅದು ಅವರ ತಲೆನೋವಲ್ಲ, ಅಲ್ವಾ?

ಮಗಳು ಡೇಟಾಬೇಸ್ ಕೆಲಸದವಳು. "ಅಪ್ಪ, ಪ್ರತಿ ಸಾಲಿಗೂ ಒಂದು ಕೀ ಇರಬೇಕು, ಅಂದ್ರೆ ಬೇರೆ ಯಾವ ಸಾಲಿಗೂ ಇಲ್ಲದ ಗುರುತು. ಅದೇ ಕೀ ಇರೋ ಹಳೇ ಸಾಲು ತೆಗೆದು ಹೊಸದು ಹಾಕು. ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಆಗಬೇಕು. ಮಧ್ಯೆ ಕರೆಂಟ್ ಹೋದ್ರೆ ಎರಡೂ ಆಗಿಲ್ಲ ಅಂತ ಲೆಕ್ಕ. ಹೆಸರನ್ನ ಮಾತ್ರ ಕೀ ಮಾಡ್ಬೇಡ" ಅಂದಳು.

ಹೆಸರಿನ ವಿಷಯ ನನಗೆ ಹೇಳಬೇಕೆ? ನಾನು ಮಂಡ್ಯ ಸೀಮೆಯವನು. ನಮ್ಮೂರಲ್ಲಿ ಬಾವಿಕಟ್ಟೆ ಹತ್ತಿರ ನಿಂತು "ನಿಂಗಣ್ಣಾ" ಅಂತ ಕೂಗಿದರೆ ಅರ್ಧ ಊರು ತಿರುಗಿ ನೋಡುತ್ತದೆ. ಇದೇ ಕಾರಣಕ್ಕೆ ನಮ್ಮ ದೊಡ್ಡಪ್ಪ ಪಟ್ಟ ಪಾಡು ದೊಡ್ಡದು.

2000ದ ಆಸುಪಾಸು. 'ಭೂಮಿ' ಯೋಜನೆ ಬಂದು ಕೈಬರಹದ ಪಹಣಿಗಳೆಲ್ಲ ಕಂಪ್ಯೂಟರಿಗೆ ಏರುತ್ತಿದ್ದ ಕಾಲ. ದೊಡ್ಡಪ್ಪನ ಹೆಸರೇನೋ ಸರಿಯಾಗಿ ಏರಿತು. 'ಬಿನ್' ಆದಮೇಲೆ ಬರಬೇಕಾದ ತಾತನ ಹೆಸರಿನ ಜಾಗದಲ್ಲಿ ಮಾತ್ರ ಇನ್ಯಾರದೋ ಅಪ್ಪನ ಹೆಸರು ಕೂತಿತ್ತು. ಅರ್ಜಿ ಕೊಟ್ಟರು. ಅಲೆದರು. ಕೊನೆಗೆ ತಿದ್ದುಪಡಿ ಆಯಿತು. ಹೇಗೆ? ಸರಿಯಾದ ಸಾಲನ್ನು ಸೇರಿಸಿದರು, ತಪ್ಪು ಸಾಲನ್ನು ತೆಗೆಯಲಿಲ್ಲ. ಮೂರನೇ ಕಾಲಂನಲ್ಲಿ ಜಮೀನು 1 ಎಕರೆ 20 ಗುಂಟೆ. ಒಂಬತ್ತನೇ ಕಾಲಂನಲ್ಲಿ ಇಬ್ಬರು ಮಾಲೀಕರು, ತಲಾ 1 ಎಕರೆ 20 ಗುಂಟೆ. ಎಕರೆಗೆ 40 ಗುಂಟೆ ತಾನೆ, ಕೂಡಿದರೆ ಭರ್ತಿ ಮೂರು ಎಕರೆ. "ಸರ್ಕಾರದೋರು ಜಮೀನು ಡಬಲ್ ಮಾಡ್ಕೊಟ್ಟವ್ರೆ ಕಣ್ಲಾ, ಇನ್ನರ್ಧ ಎಲ್ಲೈತೆ ಅಂತ ಹುಡುಕ್ಬೇಕು" ಅಂತ ದೊಡ್ಡಪ್ಪ ಜಗಲಿ ಮೇಲೆ ಕೂತು ನಕ್ಕಿದ್ದೇ ನಕ್ಕಿದ್ದು.

ನಗು ಜಾಸ್ತಿ ದಿನ ಉಳಿಯಲಿಲ್ಲ. ಆ ತಪ್ಪು ಸಾಲಿನ ಮನುಷ್ಯ ಊರಲ್ಲಿ ನಿಜವಾಗಿಯೂ ಇದ್ದ! ಅದೇ ಹೆಸರು, ಅದೇ ಅಪ್ಪನ ಹೆಸರು, ಕಾಲುವೆ ಪಕ್ಕದ ಮನೆ. ಮೊದಮೊದಲು ತಮಾಷೆಗೆ, "ಪಾಲುದಾರ ಅಂದ್ಮೇಲೆ ಒಂದ್ ಮೂಟೆ ಭತ್ತನಾದ್ರೂ ಕಳ್ಸಣ್ಣ" ಅನ್ನುತ್ತಿದ್ದ. ಸುಗ್ಗಿ ಹತ್ತಿರ ಬಂದಂತೆ ತಮಾಷೆ ಕಮ್ಮಿಯಾಯಿತು. ಪಹಣಿಯ ನಕಲೊಂದನ್ನು ಜೇಬಲ್ಲೇ ಇಟ್ಟುಕೊಂಡು ಓಡಾಡತೊಡಗಿದ. ದೊಡ್ಡಮ್ಮ ಅವನ ಮನೆಯವರ ಜೊತೆ ಮಾತು ಬಿಟ್ಟಳು.

ಮತ್ತೆ ಅರ್ಜಿ. ಈ ಸಲ ತಪ್ಪು ಸಾಲನ್ನು ತೆಗೆದರು. ಹೆಸರು ನೋಡಿ ತೆಗೆದರು. ಹೆಸರು ಇಬ್ಬರದೂ ಒಂದೇ, ಎರಡೂ ಸಾಲು ಹೋದವು. ಮುಂದಿನ ಪಹಣಿಯಲ್ಲಿ ಜಮೀನಿದೆ, ಬೆಳೆ ಇದೆ, ಮಾಲೀಕನಿಲ್ಲ.

ಈ ಕತೆ ಕೇಳಿ ಮಗಳು, "ಯಾವ ಸಾಲು ತೆಗೀಬೇಕು ಅಂತ ಹೇಳೋ ವೇರ್ ಕಂಡಿಷನ್ ಸರಿಯಾಗಿ ಹಾಕಿಲ್ಲ, ಅಷ್ಟೆ" ಅಂದಳು. ಅಷ್ಟೆಯಂತೆ! ವರ್ಷಗಟ್ಟಲೆ ಬಸ್ ಚಾರ್ಜ್ ಕೊಟ್ಟವರು ಯಾರು? ನನಗಂತೂ ಹಳೇ ಶಾನುಭೋಗರ ಪದ್ಧತಿಯೇ ವಾಸಿ ಅನ್ನಿಸುತ್ತದೆ. ಶಾನುಭೋಗಿಕೆ 1963ರಲ್ಲೇ ಹೋಯಿತು, ಅವರೇನು ಭಾರೀ ಸಾಧುಗಳಾಗಿರಲಿಲ್ಲ ಬಿಡಿ. ಆದರೂ ಕೈಬರಹದ ಪುಸ್ತಕದಲ್ಲಿ ತಪ್ಪಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು ರುಜು ಹಾಕಿದ್ದರೆ ಕೆಳಗಿನ ತಪ್ಪೂ ಕಾಣುತ್ತಿತ್ತು. ಯಾರು ತಿದ್ದಿದರು ಅಂತಲೂ ಗೊತ್ತಾಗುತ್ತಿತ್ತು. "ಅದಕ್ಕೇ ಆಡಿಟ್ ಟೇಬಲ್ ಇರೋದು" ಅಂತ ಮಗಳು. ಇವಳಿಗೆ ಎಲ್ಲದಕ್ಕೂ ಒಂದು ಟೇಬಲ್ ಇದೆ.

ದೊಡ್ಡಪ್ಪನ ಪಹಣಿ ಆಮೇಲೆ ಸರಿಯಾಯಿತು. ಪೂರ್ತಿ ಅಲ್ಲ. ತಾತನ ಹೆಸರು 'ಸಿದ್ದೇಗೌಡ' ಇರಬೇಕಾದ ಕಡೆ 'ಸಿದ್ದೆಗೌಡ' ಅಂತ ಬಂತು. ಮತ್ತೆ ಅರ್ಜಿ ಕೊಡೋಣ ಅಂದಿದ್ದಕ್ಕೆ ದೊಡ್ಡಪ್ಪ ಕೈ ಮುಗಿದುಬಿಟ್ಟರು. "ದೀರ್ಘ ಹೋದ್ರೆ ಹೋಗ್ಲಿ, ಜಮೀನು ಉಳೀತಲ್ಲ."

ಈಗ ಪಹಣಿಗೆ ಆಧಾರ್ ಜೋಡಿಸುವ ಕೆಲಸ ಶುರುವಾದಮೇಲೆ ಆ ದೀರ್ಘ ಮತ್ತೆ ಎದ್ದು ಬಂದಿದೆ. ಅಲೆಯುವ ಪಾಳಿ ದೊಡ್ಡಪ್ಪನ ಮಗನದು. ಅಣ್ಣ ಹೋದ ವಾರ ಫೋನ್ ಮಾಡಿದ್ದ. "ನೀನೆಂಗೂ ಆ ಸಂಘದ ಪಟ್ಟಿ ಎಲ್ಲಾ ಕಂಪ್ಯೂಟರಲ್ಲೇ ತಿದ್ತೀಯಂತಲ್ಲ. ಒಂದು ದೀರ್ಘ ಅಲ್ವೇನ್ಲಾ, ಅಲ್ಲಿಂದ್ಲೇ ಹಾಕ್ಬಿಡು."